ತೊಟ್ಟಿಯ ಅಂಚಿನ ಕಾಡಿಗೆ

"ಮೂರು ಗುರುವಾರದಿಂದ ನೋಡ್ತಾ ಇದ್ದೀನಿ ಟೈಲರಮ್ಮ," ಎಂದಳು ಚರ್ಚು ಗುಡಿಸುವಾಕೆ. "ಸಂಜೆ ಹೋದ್ರೆ ತೊಟ್ಟಿ ಹತ್ರ ಎರಡು ಜೊತೆ ಒದ್ದೆ ಹೆಜ್ಜೆ. ಅಂಚಿನ ಮೇಲೆ ಕಾಡಿಗೆ ಗುರುತು. ಗಂಡಸರು ಕಾಡಿಗೆ ಹಚ್ಕೋತಾರಾ?"

ಹೊಲಿಗೆ ಯಂತ್ರ ಗಕ್ಕನೆ ನಿಂತಿತು. ಅದು ದೀಕ್ಷಾಸ್ನಾನದ ತೊಟ್ಟಿ. ಆಳನ್ನು ಪೂರ್ತಿ ಮುಳುಗಿಸಿ ಎತ್ತುವಷ್ಟು ಆಳ. ಕೋಣೆಯ ಬೀಗದ ಕೈ ಇರುವುದು ಪಾಸ್ಟರ್ ಹತ್ತಿರ ಮಾತ್ರ, ಗುಡಿಸಲೂ ಅವನೇ ತೆಗೆದುಕೊಡಬೇಕು. ಪಾಸ್ಟರಿಗೋ ಮೂವತ್ತು ವರ್ಷ, ಮದುವೆಯಿಲ್ಲ, ನೋಡಲು ಲಕ್ಷಣವಾಗಿದ್ದ. ಊರ ಬಾಯಿಗೆ ಇನ್ನೇನು ಬೇಕು.

ಭಾನುವಾರ ಅದೇ ತೊಟ್ಟಿಗೆ ಇಳಿಯಬೇಕಾದವಳು ಟೈಲರಮ್ಮ. ಏಳು ವರ್ಷದವಳಿದ್ದಾಗ ಬಾವಿಗೆ ಬಿದ್ದವಳು, ಅಂದಿನಿಂದ ನೀರೆಂದರೆ ಪ್ರಾಣ ಹೋಗುತ್ತಿತ್ತು. ದೀಕ್ಷಾಸ್ನಾನವನ್ನು ಇಪ್ಪತ್ತು ವರ್ಷ ಮುಂದೂಡಿ, ಈಗ ಹೇಗೋ ಗಟ್ಟಿ ಮನಸ್ಸು ಮಾಡಿದ್ದಳು. ಹೋದ ಸಲ ಪಾಸ್ಟರ್ ಕೈಜಾರಿ ಪೋಸ್ಟ್‌ಮ್ಯಾನನನ್ನು ತೊಟ್ಟಿಯ ತಳಕ್ಕೆ ಬಿಟ್ಟಿದ್ದನ್ನು ಕಂಡೂ ಹಿಂಜರಿದಿರಲಿಲ್ಲ. ಈ ಭಾನುವಾರ ತಪ್ಪಿದರೆ ಜನ್ಮದಲ್ಲಿ ಮತ್ತೆ ಧೈರ್ಯ ಬಾರದೆಂದು ಅವಳಿಗೆ ಗೊತ್ತಿತ್ತು.

ಬಿಳಿ ನಿಲುವಂಗಿಯನ್ನು ತಿಂಗಳ ಹಿಂದೆಯೇ ಹೊಲಿದಿಟ್ಟಿದ್ದಳು. ತನ್ನ ಬೆನ್ನಿನ ಅಳತೆ ತಾನೇ ತೆಗೆಯಲಾಗದೆ ಗಂಡನ ಅಂಗಿ ಹರವಿ ಕತ್ತರಿಸಿದ್ದಳು, ಇಬ್ಬರದೂ ಒಂದೇ ಗಾತ್ರ. ಕಳೆದ ಶುಕ್ರವಾರ ಬೀರು ತೆಗೆದರೆ ನಿಲುವಂಗಿ ತೇವ. ಹಾಳು ಹವೆ ಎಂದುಕೊಂಡು ಇಸ್ತ್ರಿ ಹಾಕಿ ಮತ್ತೆ ಒಳಗಿಟ್ಟಿದ್ದಳು.

ಗಂಡನಿಗೆ ಹೇಳೋಣವೆಂದರೆ ಅವನು ಮನೆಯಲ್ಲಿರಲಿಲ್ಲ. ಗುರುವಾರ ಅವನ ಸೈಕಲ್ ಅಂಗಡಿಗೆ ರಜೆ, ಇಸ್ಪೀಟಾಟವೆಂದು ಹೇಳಿ ಹೋಗಿದ್ದ. ಇದ್ದರೂ ಏನು ಪ್ರಯೋಜನ. "ನಿಮ್ಮ ದೇವರಿಗೂ ನನಗೂ ಆಗಿಬರಲ್ಲ, ಆ ಹೊಸ್ತಿಲು ನಾನು ತುಳಿಯಲ್ಲ ಕಣೇ," ಎಂದು ಮದುವೆಯಾದಾಗಿನಿಂದ ಹಟ ಹಿಡಿದವನು.

"ಇವತ್ತೂ ಗುರುವಾರ ತಾನೇ?" ಎಂದಳು ಟೈಲರಮ್ಮ, ಕತ್ತರಿ ಕೆಳಗಿಟ್ಟು. "ನಡಿ, ಕಣ್ಣಾರೆ ನೋಡೇ ಬಿಡೋಣ. ನಿಜವಾದ್ರೆ ಆ ಪಾಸ್ಟರ್ ಕೈಲಿ ನಾನು ಮುಳುಗಲ್ಲ."

ಚರ್ಚಿನ ಹಿಂಬಾಗಿಲು ಬರೀ ಒರಗಿಸಿತ್ತು. ತೊಟ್ಟಿಯ ಕೋಣೆಯ ಪರದೆಯಾಚೆ ನೀರು ಬಳಬಳ ಎನ್ನುತ್ತಿತ್ತು.

"ಹೆದರ್ಬೇಡಿ, ನಾನು ಹಿಡ್ಕೊಂಡಿದ್ದೀನಿ," ಪಾಸ್ಟರ್ ಏದುಸಿರು ಬಿಡುತ್ತಿದ್ದ. "ಬೆನ್ನು ನನ್ನ ಕೈ ಮೇಲೆ ಬಿಡಿ. ಕಣ್ಣು ಮುಚ್ಚಿ."

ಗುಡಿಸುವಾಕೆ ಕೆನ್ನೆಗೆ ಬಡಿದುಕೊಂಡಳು. ಟೈಲರಮ್ಮ ಪರದೆಯ ಸಂದಿಗೆ ಕಣ್ಣಿಟ್ಟಳು. ಪಾಸ್ಟರ್ ತೋಳಿನಲ್ಲಿ ಬಿಳಿ ನಿಲುವಂಗಿಯೊಂದು ನೀರೊಳಗೆ ಮುಳುಗುತ್ತಿತ್ತು. ಕತ್ತಿನ ಪಟ್ಟಿಯ ಹೊಲಿಗೆ ಅವಳದೇ. ತನ್ನ ನಿಲುವಂಗಿಯಲ್ಲಿ ಇನ್ನೊಬ್ಬಳು. ಟೈಲರಮ್ಮ ಪರದೆಯನ್ನು ಸರ್ರನೆ ಎಳೆದಳು.

ನಿಲುವಂಗಿ ಮೇಲೆದ್ದಿತು. ಸೈಕಲ್ ಚೈನಿನ ಮಸಿ ಹತ್ತಿದ ಬೆರಳುಗಳು ತೊಟ್ಟಿಯ ಅಂಚು ಹಿಡಿದವು. ನೀರು ಉಗುಳಿ, ಮೀಸೆ ಒರೆಸಿಕೊಂಡು, ಅವಳ ಗಂಡ ಇನ್ನೂ ಕಣ್ಣು ಬಿಡದೆಯೇ ಗದರಿದ.

"ಎಡಗೈ ಮತ್ತೆ ಸಡಿಲ ಆಯ್ತು ಪಾಸ್ಟರ್. ಪೋಸ್ಟ್‌ಮ್ಯಾನ್ ಥರ ನನ್ನ ಹೆಂಡ್ತೀನ ಕೈಬಿಟ್ರೆ ನಿಮ್ಮನ್ನ ಸುಮ್ನೆ ಬಿಡಲ್ಲ. ನನ್ನನ್ನ ಎತ್ತೋಕೆ ಬಂದ್ರೆ ಅವಳನ್ನೂ ಎತ್ತಬಹುದು. ಇನ್ನೊಂದ್ಸಲ, ಮೊದಲಿಂದ. ಪ್ರಾರ್ಥನೇನೂ ಸೇರಿಸಿ, ಅಲ್ಲೇ ನಿಮ್ಮ ಗಮನ ತಪ್ಪೋದು."

ಚರ್ಚಿನ ಹೊಸ್ತಿಲು ತುಳಿಯುವುದಿಲ್ಲವೆಂದು ಹಟ ಹಿಡಿದಿದ್ದವನಿಗೆ, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ, ಅದು ಹದಿನೇಳನೆಯ ದೀಕ್ಷಾಸ್ನಾನ.