ನೂರಹತ್ತನೆಯ ಕೀರ್ತನೆ

ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ ಮೂರು ಅಂಕಿಗಳಲ್ಲಿ ಕೊನೆಯ ಎರಡನ್ನು ಕಲ್ಲುಕುಟಿಗ ಒದ್ದೆ ಬಟ್ಟೆಯಿಂದ ಒರೆಸಿದ. ಒಮ್ಮೆ ಬಾಗಿಲ ಕಡೆ ನೋಡಿದ. ಆಮೇಲೆ ಬೇರೆ ಎರಡು ಅಂಕಿ ಬರೆದ.

ಒಳಗಿನಿಂದ ಹೆಂಡತಿ ಕೂಗಿದಳು. "ಚೀಟಿ ಓದ್ಲೇನ್ರೀ?"

"ಬೇಡ."

"ಇಪ್ಪತ್ತೈದು ವರ್ಷದಿಂದ ನಾನು ಓದ್ತೀನಿ, ನೀವು ಕಲ್ಲು ನೋಡ್ತೀರಿ. ಇವತ್ತೇನು, ಹೊಸ ಕಣ್ಣು ಬಂತಾ?"

"ಒಂದು ಹೆಸರು, ಮೂರು ಅಂಕಿ. ಅದಕ್ಕೂ ಕಾವಲು ಬೇಕೇನೇ? ನೀನು ಒಲೆ ನೋಡ್ಕೋ."

ಕಲ್ಲಿನಲ್ಲಿ ತಪ್ಪಿದರೆ ಅಳಿಸಲು ರಬ್ಬರಿಲ್ಲ. ಅದಕ್ಕೇ ಆ ಮನೆಯಲ್ಲಿ ಈ ಪದ್ಧತಿ: ಉಳಿ ಇಡುವ ಮುಂಚೆ ಅವಳು ಚೀಟಿಯನ್ನು ಗಟ್ಟಿಯಾಗಿ ಓದಬೇಕು, ಅವನು ಸುಣ್ಣದ ಗೆರೆಗಳ ಮೇಲೆ ಬೆರಳಾಡಿಸುತ್ತ ಹೂಂಗುಟ್ಟಬೇಕು. ಇವತ್ತು ಅವನಿಗೆ ತಪ್ಪೇ ಬೇಕಾಗಿತ್ತು.

ಚೀಟಿ ತಂದವಳು ಹೀಬ್ರೂ ಮೇಷ್ಟರ ತಂಗಿ. ಪಾದ್ರಿಗಳಾಗಲು ಬಂದವರಿಗೆ ಪಾಠ ಹೇಳುತ್ತಿದ್ದ ಮೇಷ್ಟರು ಎಂಬತ್ತನಾಲ್ಕು ತುಂಬಿ ತೀರಿಕೊಂಡಿದ್ದರು. ಯೇಸು ಹುಟ್ಟುವುದಕ್ಕೆ ನೂರಾರು ವರ್ಷ ಮೊದಲಿನ ಹೀಬ್ರೂ ಕೀರ್ತನೆಗಳಲ್ಲಿ, ಯೇಸು ದೇವರೆಂಬುದಕ್ಕೆ ಗುರುತು ಹುಡುಕುವುದೇ ಅವರ ಜೀವಮಾನದ ಕೆಲಸ. ಅದರಲ್ಲೂ ನೂರಹತ್ತನೆಯದೆಂದರೆ ಪ್ರಾಣ. ದೇವರು ನನ್ನ ಒಡೆಯನನ್ನು ತನ್ನ ಬಲಗಡೆ ಕೂರಿಸಿಕೊಂಡನೆಂದು ಅದರಲ್ಲಿ ದಾವೀದ ರಾಜ ಹಾಡುತ್ತಾನೆ. ನಾಡಿಗೆಲ್ಲ ರಾಜನೇ ಒಡೆಯ. ಆ ರಾಜನಿಗೂ ಒಬ್ಬ ಒಡೆಯನಿದ್ದರೆ ಅವನು ಯಾರು? ಮೇಷ್ಟರು ಮೇಜು ಕುಟ್ಟಿ ಕೇಳುತ್ತಿದ್ದರಂತೆ.

"ಅಣ್ಣನ ಗೋರಿ ಕಲ್ಲಿಗೆ ನೂರಹತ್ತು ಅಂತ ಹಾಕಪ್ಪ," ಎಂದು ಮುದುಕಿ ಚೀಟಿ ಚಾಚಿದಳು. ಅವನು ಹಿಡಿದ ಮೇಲೂ ಅದರ ತುದಿ ಬಿಡಲಿಲ್ಲ. "ನೂರಹತ್ತೇ ಸರಿ, ಅಲ್ವಾ? ಚರ್ಚಿನ ಪುಸ್ತಕದಲ್ಲಿ ಎರಡೆರಡು ಸಲ ನೋಡಿದೆ. ಕೊನೆಕೊನೆಗೆ ಅಣ್ಣನಿಗೆ ಬುದ್ಧಿ ನೆಟ್ಟಗಿರಲಿಲ್ಲ, ಪಾಪ. ಏನೇನೋ ಅಂತಿದ್ದ."

"ನಿಮ್ಮಣ್ಣನಿಗೆ ಏನು ಸಲ್ಲಬೇಕೋ ಅದನ್ನೇ ಕೆತ್ತಿ ಕೊಡ್ತೀನಿ, ತಾಯಿ."

ಅವನ ಹೆಬ್ಬೆರಳಿನ ಗಾಯ ಅವಳ ಕಣ್ಣಿಗೆ ಬಿತ್ತು. ತನ್ನ ಕರ್ಚೀಫಿನ ಅಂಚು ಹರಿದು ಸುತ್ತಿ, ಮೆಲ್ಲಗೆ ಗಂಟು ಹಾಕಿದಳು. ಗಾಯಕ್ಕಿಂತ ಆ ಗಂಟೇ ಅವನಿಗೆ ಹೆಚ್ಚು ಉರಿಯಿತು.

ಅವನಿಗೂ ಒಬ್ಬ ಅಣ್ಣನಿದ್ದ. ಮೇಷ್ಟರ ಕ್ಲಾಸಿನಲ್ಲಿ ಮುಂದಿನ ಬೆಂಚು. ಒಂದು ದಿನ ಎದ್ದು ನಿಂತು, "ಆಸ್ಥಾನದ ಹಾಡುಗಾರ ಯಾರೋ ತನ್ನ ರಾಜನನ್ನೇ ಒಡೆಯ ಅಂದಿರಬಹುದಲ್ವಾ ಸರ್? ಇದರಲ್ಲಿ ಯೇಸು ಎಲ್ಲಿ ಬಂದ?" ಎಂದು ಕೇಳಿದ. ಅಷ್ಟೇ ಅವನ ಅಪರಾಧ. ಮೇಷ್ಟರು ಅವನನ್ನು ಕ್ಲಾಸಿನಿಂದ ಹೊರಗೆ ಹಾಕಿದರು; ಅದೇ ವಾರ ಶಾಲೆಯಿಂದಲೂ ಹಾಕಿಸಿದರು. ಪಾದ್ರಿಯಾಗಿ ಬರಬೇಕಿದ್ದವನು ಟ್ರಂಕು ಹೊತ್ತು ಬಂದ. ಗೋಡೆಗೆ ಮುಖ ಮಾಡಿ ಮಲಗಿದ. ಊಟ ಬಿಟ್ಟ, ಮಾತು ಬಿಟ್ಟ, ವರ್ಷ ತುಂಬುವುದರೊಳಗೆ ಲೋಕವನ್ನೇ ಬಿಟ್ಟ. ಮಣ್ಣಿಗೆ ಮೇಷ್ಟರು ಬರಲಿಲ್ಲ. ಹದಿನೆಂಟರ ತಮ್ಮ ಕೆತ್ತಿದ ಮೊದಲ ಕಲ್ಲು ಅಣ್ಣನದೇ.

ಆಮೇಲೆ ಮೂವತ್ತೆರಡು ವರ್ಷ ಅವನಿಗೆ ಬಾಯಿಪಾಠವಾಗಿದ್ದುದು ನೂರಹತ್ತರ ಹಿಂದಿನ ಕೀರ್ತನೆ. ನೂರೊಂಬತ್ತು. ಅದು ಶಾಪ. ವೈರಿಯ ಆಯುಸ್ಸು ಮೊಟಕಾಗಲಿ, ಅವನಿಗೆ ದಯೆ ತೋರಿಸಲು ಒಬ್ಬನೂ ಇಲ್ಲದಿರಲಿ, ಹೆಸರೇ ಅಳಿಸಿಹೋಗಲಿ ಎಂದು ಒಂದೊಂದಾಗಿ ಬೇಡುವ ಹಾಡು. ಅವನು ಎಷ್ಟು ಹೇಳಿಕೊಂಡರೂ ಮೇಷ್ಟರ ಆಯುಸ್ಸು ಬೆಳೆಯುತ್ತಲೇ ಹೋಯಿತು. ಇನ್ನು ಬಾಯಿಯ ಕೆಲಸ ಸಾಕು, ಉಳಿಯ ಕೆಲಸ ಆಗಲಿ ಎಂದುಕೊಂಡ. ಸತ್ತವನ ನೆತ್ತಿಯ ಮೇಲೆ ಶಾಪ ಕೂತಿರಲಿ. ಪುಸ್ತಕ ಹಿಡಿದು ಬರುವ ಪಾದ್ರಿಗಳೆಲ್ಲ ಅಂಕಿ ನೋಡಿ, ಪುಟ ತೆರೆದು, ಓದಲಿ.

ಸುತ್ತಿಗೆ ಎತ್ತಿದ. ಒಂದು. ಸೊನ್ನೆ. ಒಂಬತ್ತು. ಅಷ್ಟು ಚೆಂದದ ಒಂಬತ್ತನ್ನು ಅವನು ಹಿಂದೆಂದೂ ಕೆತ್ತಿರಲಿಲ್ಲ.

ಸ್ಮಶಾನದಲ್ಲಿ ಕಲ್ಲು ನಿಲ್ಲಿಸಿ ಬುಡಕ್ಕೆ ಸಿಮೆಂಟು ಹಾಕಿದ್ದ ಬೆಳಿಗ್ಗೆ, ಮುದುಕಿ ಗೇಟಿನಿಂದಲೇ ಕೈ ಬೀಸುತ್ತ ಬಂದಳು. ಏದುಸಿರು. ಕಂಕುಳಲ್ಲಿ ರಟ್ಟು ಕಿತ್ತ ಪುಸ್ತಕ.

"ಕೆತ್ತಿಬಿಟ್ಯಾ? ಅಯ್ಯೋ, ಆ ಅಂಕಿ... ಆ ಅಂಕಿ ನೋಡ್ಬೇಕಪ್ಪ ನಾನು!"

ಹೆಂಡತಿಯೇ ಹೇಳಿರಬೇಕು ಎಂದು ಅವನಿಗೆ ಹೊಳೆಯಿತು. ಹೇಳಿದರೆ ಹೇಳಲಿ. "ಬಿದ್ದ ಏಟು ವಾಪಸ್ ಬರಲ್ಲ, ತಾಯಿ," ಎಂದ. ಮುಚ್ಚಿದ್ದ ಗೋಣಿಯನ್ನು ತಾನೇ ನಿಧಾನವಾಗಿ ಎಳೆದ.

ಅವಳು ನೋಡಿದಳು. ಹುಲ್ಲಿನ ಮೇಲೆ ಕೂತುಬಿಟ್ಟಳು. ಬಾಯಿಗೆ ಸೆರಗು ಒತ್ತಿಕೊಂಡಳು. ಭುಜ ಅದುರತೊಡಗಿತು. ಮೂವತ್ತೆರಡು ವರ್ಷ ಅವನು ಕಾದದ್ದು ಇದಕ್ಕೆ. ಎದುರಿಗೆ ಹೋಗಿ ನಿಂತ.

"ನನಗೊಬ್ಬ ಅಣ್ಣ ಇದ್ದ. ನಿಮ್ಮಣ್ಣನ ಕ್ಲಾಸಲ್ಲಿ..."

ಅವಳಿಗೆ ಅದು ಕೇಳಿಸಲೇ ಇಲ್ಲ. ಉಳಿ ಹಿಡಿಯುವ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು.

"ಯಾರು ಹೇಳಿದ್ರಪ್ಪ ನಿನಗೆ? ಇದು ನಮ್ಮಮ್ಮನ ಪ್ರಾರ್ಥನೆ ಪುಸ್ತಕ, ನಿನ್ನೆ ತಾನೆ ಪೆಟ್ಟಿಗೆ ತಳದಲ್ಲಿ ಸಿಕ್ತು. ಹಿಂದಿನವರ ಎಣಿಕೆಯೇ ಬೇರೆ, ನೋಡು. ಇದರಲ್ಲಿ ಒಂಬತ್ತು, ಹತ್ತು ಸೇರಿ ಒಂದೇ ಕೀರ್ತನೆ. ಅಲ್ಲಿಂದಾಚೆ ಎಲ್ಲಾ ಒಂದೊಂದು ಹಿಂದಕ್ಕೆ. ನಮ್ಮ ನೂರಹತ್ತೇ ಅಮ್ಮನಿಗೆ ನೂರೊಂಬತ್ತು. ಅಣ್ಣ ಶಾಲೆಯಲ್ಲಿ ಏನು ಪಾಠ ಹೇಳಿದ್ನೋ, ಚಿಕ್ಕಂದಿನಲ್ಲಿ ಅಮ್ಮನ ತೊಡೆ ಮೇಲೆ ಕೂತು ಕಲಿತಿದ್ದು ಇದೇ ಎಣಿಕೆ."

ಅವನು ಕೈ ಎಳೆದುಕೊಂಡ. ಅವಳು ಬಿಡಲಿಲ್ಲ.

"ಸಾಯೋ ದಿನ ನನ್ನ ಕಲ್ಲಿಗೆ ನೂರೊಂಬತ್ತು ಹಾಕ್ಸು ಅಂತ ಬೇಡ್ಕೊಂಡ, ಚರ್ಚಿನ ಪುಸ್ತಕ ತೆಗೆದರೆ ಶಾಪ ಕಾಣಿಸ್ತು, ಹೆದರಿ ನಾನೇ ಅವನ ಆಸೆ ನಡೆಸಲಿಲ್ಲ, ನೀನು ನಡೆಸಿಕೊಟ್ಟೆ."