ಬುಟ್ಟಿಯ ಕೊನೆಯ ಬ್ರೆಡ್

ಅಪ್ಪ ಬ್ರೆಡ್ ಚೂರು ಮುರಿದು ತಟ್ಟೆಯಲ್ಲಿ ಉಳಿದ ಟೊಮೆಟೊ ಸಾಸನ್ನು ಬಳಿಯತೊಡಗಿದಾಗ, ಮಗಳು ಮೇಜಿನ ಕೆಳಗೆ ಅವರ ಕಾಲು ತುಳಿದಳು. ಎದುರಿಗೆ ಕೂತಿದ್ದವರು ಅವಳು ಮೆಚ್ಚಿದ ಹುಡುಗನ ತಾಯಿ. ಮಹಾನಗರದ ಈ ಹಳೆಯ ಇಟಾಲಿಯನ್ ಹೋಟೆಲು ಅವರದೇ ಆಯ್ಕೆ. ಬಂದಾಗಿನಿಂದ ಮದುವೆಯ ಮಾತೇ ಎತ್ತದೆ, ಪಾಸ್ತಾವನ್ನು ಫೋರ್ಕಿಗೆ ನಾಜೂಕಾಗಿ ಸುತ್ತಿ ತಿನ್ನುತ್ತಿದ್ದರು.

“ಕಾಲ್ಯಾಕೆ ತುಳೀತೀಯೇ? ಇಷ್ಟು ರುಚಿಯಾಗಿರೋದನ್ನ ಸಿಂಕಿನ ಪಾಲು ಮಾಡ್ಲಾ?” ಅಪ್ಪ ಎಲ್ಲರಿಗೂ ಕೇಳುವಂತೆ ಅಂದರು. ಮಗಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹುಡುಗ ನೀರಿನ ಲೋಟ ನೋಡುತ್ತ ಕೂತ.

ಅವನ ತಾಯಿ ಫೋರ್ಕು ಕೆಳಗಿಟ್ಟರು. ಬುಟ್ಟಿಯಲ್ಲಿ ಉಳಿದಿದ್ದ ಒಂದೇ ಬ್ರೆಡ್ ತುಂಡನ್ನು ಎರಡು ಮಾಡಿ, ಒಂದರಿಂದ ತಮ್ಮ ತಟ್ಟೆಯನ್ನು ನಿಧಾನವಾಗಿ ಒರೆಸಿ ಬಾಯಿಗಿಟ್ಟುಕೊಂಡರು. ಇನ್ನೊಂದನ್ನು ಅಪ್ಪನತ್ತ ಚಾಚಿದರು.

“ತಗೊಳ್ಳಿ ಬೀಗರೇ, ನಿಮ್ಮ ತಟ್ಟೇಲಿ ಇನ್ನೂ ಇದೆ.”