ಹನ್ನೊಂದನೇ ಬಿಲ್ಲೆ

ಸ್ಟೇಷನ್ ಮಾಸ್ಟರು ಹಲಗೆಯ ಮುಂದೆ ನಿಂತು ಹತ್ತನೇ ನಂಬರಿನ ಬಿಲ್ಲೆಯನ್ನು ಮೊಳೆಗೆ ಸಿಕ್ಕಿಸಿದರು. ಅದರ ಪಕ್ಕಕ್ಕೆ ಹನ್ನೊಂದನ್ನೂ ಸಿಕ್ಕಿಸಿದರು. ಹತ್ತು ಅವರದು, ಹನ್ನೊಂದು ಹೆಂಡತಿಯದು. ಕೈಗಡಿಯಾರ ನೋಡಿಕೊಂಡರು. ಮೂರೂ ಐವತ್ತೈದು. ಹೇಳಿದ ಹೊತ್ತಿಗಿಂತ ಐದು ನಿಮಿಷ ಮುಂಚೆ! ನಿವೃತ್ತಿಯಾಗಿ ಎರಡು ವರ್ಷವಾದರೂ ಈ ಚಟ ಅವರನ್ನು ಬಿಟ್ಟಿರಲಿಲ್ಲ.

ಸಮುದ್ರದ ನೀರು ಇಳಿದಾಗ ಮರಳಿನ ಮೇಲೆ ನಡೆದುಕೊಂಡೇ ಎದುರಿನ ನಡುಗಡ್ಡೆಗೆ ಹೋಗಿ, ಹಕ್ಕಿಗಳನ್ನು ನೋಡಿ, ನೀರು ಏರುವ ಮೊದಲು ವಾಪಸ್ ಬರುವುದು ರಜೆಯ ಮೂರನೇ ದಿನದ ಕಾರ್ಯಕ್ರಮ. ಮೊದಲ ದಿನ ಹೊಲಗಳ ನಡುವೆ ಸೈಕಲ್ ಆಗಿತ್ತು, ಎರಡನೇ ದಿನ ಗುಡ್ಡ ಹತ್ತಿದ್ದಾಗಿತ್ತು, ನಾಳೆ ದೋಣಿಗೆ ಹುಟ್ಟು ಹಾಕುವುದಿತ್ತು. ಎಲ್ಲವನ್ನೂ ಸ್ಟೇಷನ್ ಮಾಸ್ಟರು ಗಂಟೆ ನಿಮಿಷದ ಸಮೇತ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದರು. ನಡುಗಡ್ಡೆಯ ದಾರಿಯ ಉದ್ದಕ್ಕೂ ಗುರುತಿನ ಕಂಬಗಳಿದ್ದವು. ದಡದ ಶೆಡ್ಡಿನಲ್ಲಿ ಒಂದು ಹಲಗೆ, ಹದಿನೆಂಟು ಮೊಳೆ, ಹದಿನೆಂಟು ತಗಡಿನ ಬಿಲ್ಲೆ. ಹೋಗುವವರು ಒಂದೊಂದು ತೆಗೆದುಕೊಂಡು ಹೋಗಬೇಕು, ಬಂದವರು ಮೊಳೆಗೆ ಹಾಕಬೇಕು. ಹಲಗೆ ತುಂಬಿದರೆ ಎಲ್ಲರೂ ಬಂದರು ಅಂತ ಅರ್ಥ. ಶೆಡ್ಡು ನೋಡಿಕೊಳ್ಳುವ ಗೈಡಮ್ಮ ಮಾತು ಕಡಿಮೆ, ಸೀಟಿ ಜಾಸ್ತಿ ಅನ್ನುವಂಥ ಹೆಂಗಸು. ಆದರೂ ಇದನ್ನು ಮಾತ್ರ ಎರಡು ಸಲ ಹೇಳಿದ್ದಳು. "ಅವರವರ ಬಿಲ್ಲೆ ಅವರವರ ಕೈಲಿ."

"ಟೋಕನ್ ವಿಷಯ ನನಗೆ ಹೇಳ್ತೀಯೇನಮ್ಮಾ?" ಎಂದು ಸ್ಟೇಷನ್ ಮಾಸ್ಟರು ನಕ್ಕಿದ್ದರು. "ಮೂವತ್ತೆಂಟು ವರ್ಷ ಒಂಟಿ ಹಳಿ ಮೇಲೆ ಕೆಲಸ ಮಾಡಿದೋನು ನಾನು. ಎದುರಿನಿಂದ ಬರೋ ರೈಲಿನ ಟೋಕನ್ ನನ್ನ ಕೈಗೆ ಬೀಳದೆ, ಒಂದೇ ಒಂದು ಗಾಡಿಗೂ ದಾರಿ ಬಿಟ್ಟೋನಲ್ಲ." ಹೆಂಡತಿ ತನ್ನ ಬಿಲ್ಲೆಗೆ ಕೈ ಚಾಚಿದಳು. "ನಿನ್ನ ಹತ್ರ ಬೇಡ, ಎಲ್ಲಾದ್ರೂ ಬೀಳಿಸಿಬಿಡ್ತೀಯ" ಎಂದು ಎರಡನ್ನೂ ಜೇಬಿಗೆ ಹಾಕಿಕೊಂಡರು. ಇಬ್ಬರ ಟಿಕೆಟ್ಟು, ರೂಮಿನ ಬೀಗದ ಕೈ, ಅವಳ ಮಾತ್ರೆಯ ಚೀಟಿ, ಎಲ್ಲ ಇರುವುದೂ ಅದೇ ಜೇಬಿನಲ್ಲಿ.

ಈಗ ಜೊತೆಗೆ ಬಂದವರೆಲ್ಲ ಬಸ್ಸು ಹತ್ತುತ್ತಿದ್ದರು. ಅವರು ಬೆಂಚಿನ ಮೇಲೆ ಕೂತು ಎರಡು ಲೋಟ ಚಹಾ ತರಿಸಿದರು. ಒಂದನ್ನು ಕುಡಿದು ಮುಗಿಸಿದರು. ಇನ್ನೊಂದರ ಮೇಲೆ ಕೆನೆ ಕಟ್ಟಿತು. ಗೈಡಮ್ಮ ಹಲಗೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, ದಾರಿಗೆ ಅಡ್ಡ ಸರಪಳಿ ಎಳೆದಳು.

"ನಮ್ಮ ಮನೆಯವಳು ಬಸ್ಸಲ್ಲಿ ಕೂತ್ಲಾ?"

"ನೋಡ್ಲಿಲ್ಲ. ನಂಬರ್ ಎಷ್ಟು?"

"ಹನ್ನೊಂದು."

"ಅಲ್ಲೇ ಇದೆಯಲ್ಲ. ಬಂದಿದ್ದಾರೆ ಬಿಡಿ."

ಅದನ್ನು ಹಾಕಿದ್ದು ತಾವೇ ಎಂದು ಆಗಲೇ ಹೇಳಿಬಿಡಬಹುದಿತ್ತು. "ಹೌದ್ಹೌದು, ಇಲ್ಲೇ ಎಲ್ಲೋ ಇರ್ತಾಳೆ" ಎಂದುಬಿಟ್ಟರು. ಬಸ್ಸಿನೊಳಗೆ ಇಣುಕಿದರು. ಶೌಚಾಲಯದ ಬಾಗಿಲು ಬಡಿದರು. ಒಳಗಿನಿಂದ ಬೇರೆ ಯಾರೋ ಗದರಿದರು. ಬಿರುಸಾಗಿ ವಾಪಸ್ ಬರುವಷ್ಟರಲ್ಲಿ ದಾರಿಯ ನಡುವಿನ ಕಂಬಗಳು ಅರ್ಧ ಮುಳುಗಿದ್ದವು.

ಗೈಡಮ್ಮ ಅವರ ಮುಖ ನೋಡಿಯೇ ಕೇಳಿದಳು. "ಹನ್ನೊಂದು ಹಾಕಿದ್ದು ಯಾರು?"

"ನಾನೇ. ಹಿಂದೇನೇ ಬರ್ತಿದ್ದಾಳೆ ಅಂದ್ಕೊಂಡೆ."

"ತಿರುಗಿ ನೋಡಿದ್ರಾ?"

ಕೇಳುತ್ತಲೇ ಅವಳು ದಡದ ದೋಣಿಯನ್ನು ನೀರಿಗೆ ತಳ್ಳಿದಳು. ಸ್ಟೇಷನ್ ಮಾಸ್ಟರು ಬೂಟಿನ ಸಮೇತ ಮೊಣಕಾಲುದ್ದ ನೀರಿಗಿಳಿದರು. "ನೀವು ಬೇಡ, ಬರೋವಾಗ ಭಾರ ಆಗುತ್ತೆ" ಎಂದು ಅವಳು ಹುಟ್ಟು ಹಾಕುತ್ತಾ ಹೋದಳು.

ಸ್ಟೇಷನ್ ಮಾಸ್ಟರು ಕೆಲಸದಲ್ಲಿದ್ದಾಗ ಒಂದು ದಿನವೂ ಹೀಗೆ ಹೆದರಿದವರಲ್ಲ. ಶೆಡ್ಡಿಗೆ ಬಂದು ಹನ್ನೊಂದನೇ ಬಿಲ್ಲೆಯನ್ನು ಮೊಳೆಯಿಂದ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತರು. ಗಡಿಯಾರ ನೋಡಲಿಲ್ಲ.

ದೋಣಿ ಬಂತು. ಸೊಂಟದವರೆಗೆ ನೆನೆದ ಹೆಂಡತಿ, ಚಪ್ಪಲಿ ಕೈಯಲ್ಲಿ ಹಿಡಿದು ಇಳಿದಳು.

"ಎಲ್ಲಿಗೆ ಹೋಗಿದ್ಯೇ?" ಬೈಯಬೇಕೆಂದಿರಲಿಲ್ಲ, ಆದರೆ ಬಾಯಿಗೆ ಅಭ್ಯಾಸವಾಗಿದ್ದು ಅದೇ.

"ಬಂಡೆ ಆ ಕಡೆ ಒಂದು ಹಕ್ಕಿ ಮರಿಗೆ ಉಣಿಸ್ತಿತ್ತು. ರೀ, ಒಂದ್ನಿಮಿಷ ಬನ್ನಿ ಅಂತ ಎರಡು ಸಲ ಕೂಗಿದೆ. ನೀವು ಹೋಗ್ತಾನೇ ಇದ್ರಿ. ಗಾಳಿಗೆ ವಾಪಸ್ ಕರೆಯೋ ಸೀಟಿನೂ ಕೇಳಿಸ್ಲಿಲ್ಲ. ಹೊರಟು ನಾಲ್ಕು ಕಂಬ ದಾಟೋಷ್ಟರಲ್ಲಿ ಸೊಂಟಕ್ಕೆ ನೀರು ಬಂತು. ವಾಪಸ್ ಹೋಗಿ ಬಂಡೆ ಮೇಲೆ ಕೂತೆ." ಅವಳು ಸೆರಗು ಹಿಂಡಿದಳು. "ಹೆದರಿಕೆ ಏನೂ ಆಗ್ಲಿಲ್ಲ. ಹಲಗೇಲಿ ನನ್ನ ಮೊಳೆ ಖಾಲಿ ಇರುತ್ತಲ್ಲ, ನೋಡಿದ ತಕ್ಷಣ ಬಂದೇ ಬರ್ತಾರೆ ಅಂತ ಧೈರ್ಯವಾಗಿದ್ದೆ."

ಗೈಡಮ್ಮ ಸಮುದ್ರದ ಕಡೆ ಮುಖ ಮಾಡಿ ಹಗ್ಗ ಸುತ್ತತೊಡಗಿದಳು. ಸ್ಟೇಷನ್ ಮಾಸ್ಟರು ಮುಷ್ಟಿ ಬಿಚ್ಚಿದರು.

"ಖಾಲಿ ಇರಲಿಲ್ಲ ಕಣೇ. ನಿಂದೂ ನಾನೇ ಹಾಕಿಬಿಟ್ಟಿದ್ದೆ."

ಹೆಂಡತಿ ಬಿಲ್ಲೆಯನ್ನು ನೋಡಿದಳು. ಗಂಡನನ್ನು ನೋಡಿದಳು. ಆಮೇಲೆ ಅದನ್ನು ಅವರ ಅಂಗೈಯಿಂದ ಎತ್ತಿಕೊಂಡು ಬೆಂಚಿನ ಮೇಲೆ ಕೂತಳು. ತಣ್ಣಗಾಗಿದ್ದ ಚಹಾದ ಕೆನೆಯನ್ನು ಬೆರಳಲ್ಲಿ ತೆಗೆದು ಒಂದು ಗುಟುಕು ಕುಡಿದಳು. ಬಸ್ಸು ಎರಡು ಸಲ ಹಾರ್ನ್ ಹಾಕಿತು.

"ಬಿಲ್ಲೆ ಹಾಕಿಬಿಡು ಮಾರಾಯ್ತಿ" ಎಂದರು ಸ್ಟೇಷನ್ ಮಾಸ್ಟರು. ಅವರ ದನಿ ಸಣ್ಣದಾಗಿತ್ತು. "ಎಲ್ಲರೂ ನಿನಗೇ ಕಾಯ್ತಿದ್ದಾರೆ."

ಅವಳು ಬಿಲ್ಲೆಯನ್ನು ತನ್ನ ಚೀಲಕ್ಕೆ ಹಾಕಿ ಜಿಪ್ಪು ಎಳೆದಳು.

"ಕಾಯ್ಲಿ ಬಿಡಿ. ನಾನಿನ್ನೂ ಬಂದಿಲ್ಲ."